ಪರೇಲಿನ ತಲೆ, ಭಾಗ್ಯನಗರದ ಕೂದಲು

ಮುಂಬಯಿಯ ಕನ್ನಡ ಮನೆಗಳಿಗೆ ಊರಿನಿಂದ ಒಂದು ಬಗೆಯ ಕಾಗದ ಬರುತ್ತಿದ್ದುದನ್ನು ನಮ್ಮ ಹಿರಿಯ ಓದುಗರು ಬಲ್ಲರು. ಕ್ಷೇಮ ಸಮಾಚಾರ, ಮಳೆ ಬೆಳೆ, ಮದುವೆ ಮುಂಜಿಗಳ ವಿಷಯವೆಲ್ಲ ಮುಗಿದ ಮೇಲೆ ಕೊನೆಗೆ ಎರಡು ಸಾಲು: ಇಲ್ಲಿಯ ಡಾಕ್ಟರರು ಟಾಟಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ, ತಮ್ಮಲ್ಲಿ ಎಂಟು ದಿನ ಇರಲು ಅನುಕೂಲವಾಗುವುದೇ ಎಂದು. ಈಗ ಕಾಗದದ ಬದಲು ಫೋನು ಬರುತ್ತದೆ, ಅಷ್ಟೆ. ಎಂಟು ದಿನವೆಂದು ಬಂದವರು ಎಂಟು ತಿಂಗಳು ಉಳಿಯುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಇನ್ನೊಂದು ಹಾಸಿಗೆಗೆ ಹೇಗೋ ಜಾಗ ಹೊಂದಿಸಿಕೊಳ್ಳುತ್ತೇವೆ.

ಹೀಗೆ ಬಂದ ಹೆಂಗಸರು ಖರ್ಚಿನ ಮಾತು ಆಡುತ್ತಾರೆ, ನೋವಿನ ಮಾತು ಆಡುತ್ತಾರೆ, ಬಿಟ್ಟುಬಂದ ಎಮ್ಮೆಯ ಚಿಂತೆಯನ್ನೂ ಹೇಳಿಕೊಳ್ಳುತ್ತಾರೆ. ತಲೆಗೂದಲಿನ ಮಾತು ಬಂದಾಗ ಮಾತ್ರ ಸೆರಗು ಎಳೆದುಕೊಂಡು ಸುಮ್ಮನಾಗುತ್ತಾರೆ. ಚಿಕಿತ್ಸೆಯ ಕಾಲದಲ್ಲಿ ಕೂದಲು ಉದುರಿದ ಹೆಂಗಸಿನ ತಲೆಗೆ ನಾವು ಏನು ಮಾಡಿದ್ದೇವೆ, ಏನು ಮಾಡಲಿಲ್ಲ ಎಂಬುದಕ್ಕೂ ಒಂದು ಇತಿಹಾಸವಿದೆ. ವಿಗ್ಗಿಗೂ ಇತಿಹಾಸವೇ ಎಂದು ನಗುವವರು ತುಸು ತಾಳ್ಮೆಯಿಂದ ಓದಬೇಕು. ಈ ಇತಿಹಾಸದಲ್ಲಿ ಮೈಸೂರು ಸೀಮೆ ಬರುತ್ತದೆ, ಕೊಪ್ಪಳ ಬರುತ್ತದೆ, ತಿರುಪತಿಯೂ ಬರುತ್ತದೆ.

ಮೊದಲು ಪರೇಲಿನ ಆಸ್ಪತ್ರೆ. ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ನಮ್ಮ ಕಡೆ ಬೆಳೆದವರೆಂಬುದು ಅನೇಕರಿಗೆ ತಿಳಿಯದು. ಅವರ ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಹುಡುಗಿಯ ಬಾಲ್ಯ ಕಳೆದದ್ದು ಬೆಂಗಳೂರಿನಲ್ಲಿ. 1898ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದ ಆಕೆ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ಪತಿಯೂ ಹೋದರು. ಅವರ ಹೆಸರಿನ ಟ್ರಸ್ಟು ಕಟ್ಟಿಸಿದ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನು 1941ರ ಫೆಬ್ರವರಿ 28ರಂದು ಮುಂಬಯಿ ಗವರ್ನರ್ ಸರ್ ರೋಜರ್ ಲಮ್ಲಿ ತೆರೆದರು. ಆಗ ಇದ್ದದ್ದು 80 ಹಾಸಿಗೆ. 1957ರಲ್ಲಿ ಕೇಂದ್ರದ ಆರೋಗ್ಯ ಖಾತೆ ಅದನ್ನು ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಬಂತು. ಆಗ ಆ ಇಲಾಖೆಯ ಮುಖ್ಯಸ್ಥರು ಡಾ. ಹೋಮಿ ಭಾಭಾ, ಅಂದರೆ ಮೆಹರ್‌ಬಾಯಿಯ ಸೋದರಳಿಯ. ಆಸ್ಪತ್ರೆ ಸುತ್ತಿ ಸುತ್ತಿ ತವರಿನ ಕೈಗೇ ಬಂತೆನ್ನಬಹುದು.

ಗಿರಣಿಗಳ ನಡುವಿನ ಆ ಕಟ್ಟಡಕ್ಕೆ ಉತ್ತರ ಕರ್ನಾಟಕದವರು ಬಂದದ್ದು ಸಹಜ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದಕ್ಕೆ ಮೊದಲು ಕ್ಯಾನ್ಸರ್ ಎಂಬ ಹೆಸರು ಬಿದ್ದೊಡನೆ ರೈಲು ಹಿಡಿದು ದಾದರಿನಲ್ಲಿ ಇಳಿಯುವುದೇ ದಾರಿಯಾಗಿತ್ತು. ಸಂಬಂಧಿಕರಿದ್ದವರು ಮಾಟುಂಗಾ, ಡೊಂಬಿವಿಲಿಗಳ ಮನೆ ಸೇರಿದರು. ಇಲ್ಲದವರು ದಾದರಿನ ಗಾಡಗೇ ಮಹಾರಾಜರ ಧರ್ಮಶಾಲೆಯನ್ನೋ ಆಸ್ಪತ್ರೆಯ ಮುಂದಿನ ಫುಟ್‌ಪಾತನ್ನೋ ಹಿಡಿದರು.

ಮೊದಮೊದಲು ಅಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಶಸ್ತ್ರಕ್ರಿಯೆ ಮತ್ತು ಕಿರಣ ಚಿಕಿತ್ಸೆ. ಕಿರಣ ಬಿದ್ದ ಜಾಗದ ಕೂದಲು ಮಾತ್ರ ಹೋಗುತ್ತದೆ. ಎದೆಗೆ ಕೊಟ್ಟರೆ ತಲೆಗೆ ಏನೂ ಆಗದು. ತಲೆಯ ಕೂದಲೆಲ್ಲ ಒಟ್ಟಿಗೆ ಉದುರುವ ಸಮಸ್ಯೆ ಬಂದದ್ದು ಔಷಧಗಳ ಜೊತೆಗೆ. ಅದರ ಮೂಲ ಯುದ್ಧದಲ್ಲಿದೆ. ಮೊದಲ ಮಹಾಯುದ್ಧದ ಸಾಸಿವೆ ಅನಿಲದ ಬಳಗಕ್ಕೆ ಸೇರಿದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. 1948ರಲ್ಲಿ ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟ ವರದಿ ಪ್ರಕಟವಾಯಿತು. ಆ ಔಷಧವನ್ನು ಒದಗಿಸಿದ ಪ್ರಯೋಗಶಾಲೆಯ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1959ರಲ್ಲಿ ಸೈಕ್ಲೋಫಾಸ್ಫಮೈಡ್ ಬಂತು. 1970ರ ದಶಕದಲ್ಲಿ ಇಟಲಿಯ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಪಡೆದ ಆಡ್ರಿಯಾಮೈಸಿನ್ ಬಂತು. ಪಕ್ಕದ ಆಡ್ರಿಯಾಟಿಕ್ ಸಮುದ್ರದ ಹೆಸರನ್ನೇ ಅದಕ್ಕೆ ಇಟ್ಟರು. ಬಾಟಲಿಯಲ್ಲಿ ಕೆಂಪಗೆ ತೂಗುವ ಈ ಔಷಧವನ್ನು ಕಂಡವರು ಮರೆಯಲಾರರು. ತಲೆ ಬೋಳಾಗಿಸುವುದರಲ್ಲಿ ಅದು ಎತ್ತಿದ ಕೈ.

ಬಿ.ಎಸ್ಸಿ.ಯಲ್ಲಿ ಓದಿ, ಕಡತಗಳ ನಡುವೆ ಮರೆತದ್ದನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳುತ್ತೇವೆ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಯಾವುದೇ ದಿನ ನೋಡಿದರೂ ಹತ್ತರಲ್ಲಿ ಒಂಬತ್ತರಷ್ಟು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಬೆಳೆಯುವ ಕೂದಲಿನ ಬುಡದಲ್ಲಿರುವ ಜೀವಕೋಶಗಳು ದೇಹದಲ್ಲೇ ಅತಿ ವೇಗವಾಗಿ ಒಡೆದು ಹೆಚ್ಚುವ ಕೋಶಗಳ ಪೈಕಿ. ಕ್ಯಾನ್ಸರಿನ ಔಷಧವೋ, ವೇಗವಾಗಿ ಹೆಚ್ಚುವ ಕೋಶವನ್ನು ಹುಡುಕಿ ಹೊಡೆಯುವಂಥದು. ಗಡ್ಡೆಯ ಕೋಶ ಯಾವುದು, ಕೂದಲಿನ ಬುಡ ಯಾವುದು ಎಂದು ಅದಕ್ಕೆ ತಿಳಿಯದು. ಮೊದಲ ಸಲ ಔಷಧ ಏರಿಸಿದ ಎರಡು ಮೂರು ವಾರಗಳಿಗೆ ಬಾಚಣಿಗೆಯ ತುಂಬ ಕೂದಲು ಬರತೊಡಗುತ್ತದೆ, ಆಮೇಲೆ ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ. ಎಲ್ಲ ಔಷಧಗಳೂ ಹೀಗೆ ಮಾಡುವುದಿಲ್ಲವೆಂಬುದನ್ನೂ ಹೇಳಬೇಕು. ಬೇರು ಸಾಮಾನ್ಯವಾಗಿ ಸಾಯುವುದಿಲ್ಲ. ಚಿಕಿತ್ಸೆ ಮುಗಿದ ಎರಡು ಮೂರು ತಿಂಗಳಿಗೆ ಹೊಸ ಕೂದಲು ಕಾಣಿಸಿಕೊಳ್ಳುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ. ಜಡೆ ಹಾಕುವಷ್ಟಾಗಲು ಎರಡು ಮೂರು ವರ್ಷ ಬೇಕು ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಡಾಕ್ಟರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಮತ್ತೆ ಬರುತ್ತದೆ. ಮಾತು ನಿಜ. ಆದರೆ ಬರುವವರೆಗಿನ ತಲೆಯನ್ನು ನಮ್ಮ ಸಮಾಜ ಯಾವ ಕಣ್ಣಿನಿಂದ ನೋಡುತ್ತ ಬಂದಿದೆ ಎಂಬುದು ಆ ಮಾತಿನಲ್ಲಿ ಇಲ್ಲ.

ನಮ್ಮಲ್ಲಿ ಬೋಳುತಲೆಯ ಹೆಂಗಸಿಗೆ ಎರಡೇ ಅರ್ಥಗಳಿದ್ದವು. ಒಂದು, ಗಂಡ ಸತ್ತವಳು. ಬ್ರಾಹ್ಮಣರಲ್ಲಿ ಮತ್ತು ಇನ್ನು ಕೆಲವು ಮೇಲುಜಾತಿಗಳಲ್ಲಿ ವಿಧವೆಯ ಕೂದಲು ತೆಗೆಸುವ ಕ್ರೂರ ಪದ್ಧತಿ ನಮ್ಮ ಅಜ್ಜಿಯಂದಿರ ಕಾಲದವರೆಗೂ ನಡೆದಿತ್ತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪುಸ್ತಕವಾಗಿ, 1983ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಆಗಿ ಬಂದಾಗ ಅದನ್ನು ನೋಡಿ ಅತ್ತವರು ನಮ್ಮ ಮನೆಗಳಲ್ಲೇ ಇದ್ದರು. ಆ ಪದ್ಧತಿಯ ವಿರುದ್ಧ ಒಂದು ದೊಡ್ಡ ದನಿ ಎದ್ದದ್ದು ಇದೇ ಮುಂಬಯಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಗಿರಣಿ ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ 1890ರಲ್ಲಿ ಇಲ್ಲಿಯ ನೂರಾರು ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಕತ್ತಿ ಹಚ್ಚುವುದಿಲ್ಲವೆಂದು ನಿರ್ಧರಿಸಿದರು. ಶಾಸ್ತ್ರ ಓದಿದವರು ವಾದಿಸುತ್ತ ಕೂತಿದ್ದಾಗ ಕತ್ತಿ ಹಿಡಿದವರು ಕತ್ತಿ ಕೆಳಗಿಟ್ಟರು.

ಇನ್ನೊಂದು ಅರ್ಥ ಹರಕೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಹೆಂಗಸಿನ ಬೋಳುತಲೆ ಮಂಗಳಕರ. ಆಕೆ ಗಂಧ ಹಚ್ಚಿಕೊಂಡು ತಲೆಯೆತ್ತಿ ನಡೆಯುತ್ತಾಳೆ. ಒಂದೇ ಬೋಳು, ಒಂದು ಕಡೆ ಅಮಂಗಳ, ಇನ್ನೊಂದು ಕಡೆ ಪುಣ್ಯ. ಪರೇಲಿನಿಂದ ಬಂದವಳಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಗತಿಯಿಲ್ಲ. ನಮ್ಮ ಬಳಗದ ಹಿರಿಯಾಕೆಯೊಬ್ಬರು, ರೋಣದ ಕಡೆಯವರು, ಡೊಂಬಿವಿಲಿಯ ನಮ್ಮ ಮನೆಯಲ್ಲಿದ್ದು ಔಷಧ ಮಾಡಿಸಿಕೊಂಡರು. ಕೆಳಗಿನ ಮಹಡಿಯ ಧಾರವಾಡದ ಬಾಯಿಯವರು ನೀರಿಗೆ ಬಂದಾಗ ಕೇಳಿದರು: “ತಿರುಪತಿಗೆ ಹೋಗಿ ಬಂದ್ರೇನ್ರೀ ಅಕ್ಕಾರ?” ಇವರು ಒಂದು ಕ್ಷಣ ನಿಂತು, “ಹೂಂನ್ರೀ, ಭಾಳ ದಿನದ ಹರಕಿ ಇತ್ತು” ಎಂದರು. ಒಳಗೆ ಬಂದು ಬಾಗಿಲು ಹಾಕಿಕೊಂಡು, “ಸುಳ್ಳು ಹೇಳಿದೆ, ಪ್ರಸಾದ ಕೇಳಿದ್ರ ಏನ್ ಕೊಡ್ಲಿ?” ಎಂದು ನಗತೊಡಗಿದವರು ಅಳುತ್ತ ಕೂತರು. ಆ ವಾರ ನಾವು ಮಾಟುಂಗಾದಿಂದ ಲಾಡು ತಂದುಕೊಟ್ಟೆವು. ಕೆಳಗಿನ ಮಹಡಿಗೆ ಅದೇ ಪ್ರಸಾದವಾಯಿತು. ಈ ತಿರುಪತಿಯ ಉತ್ತರ ಎಷ್ಟು ಕನ್ನಡ ಮನೆಗಳಲ್ಲಿ ಕೆಲಸಕ್ಕೆ ಬಂದಿದೆಯೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಬಹಳ ಕಡೆ.

ಇನ್ನು ಸಿನಿಮಾಗಳನ್ನು ನಂಬಿದರೆ ಕೂದಲಿನ ಸಮಸ್ಯೆಯೇ ಇಲ್ಲ. 1971ರ ‘ಆನಂದ್’ ಚಿತ್ರದಲ್ಲಿ ಇದೇ ಮುಂಬಯಿಗೆ ಬರುವ ಕ್ಯಾನ್ಸರ್ ರೋಗಿ ರಾಜೇಶ್ ಖನ್ನಾ ಕೊನೆಯುಸಿರಿನವರೆಗೂ ತಲೆತುಂಬ ಕೂದಲಿಟ್ಟುಕೊಂಡೇ ಇದ್ದಾನೆ. ಆ ಚಿತ್ರ ಎಷ್ಟು ಸಲ ಬಂದರೂ ನೋಡುವವರು ನಾವು, ದೂರುತ್ತಿಲ್ಲ.

ಹಳೆಯ ಕಾಲದಲ್ಲಿ ಕೂದಲು ಕಡಿಮೆಯಾದ ಹೆಂಗಸಿಗೆ ಉಪಾಯವಿರಲಿಲ್ಲವೆಂದಲ್ಲ. ನಮ್ಮಲ್ಲಿ ಚೌರಿ ಇತ್ತು, ಮರಾಠಿಗರಲ್ಲಿ ಗಂಗಾವನ ಇತ್ತು. ಸಣ್ಣ ಜಡೆಗೆ ಅದನ್ನು ಸೇರಿಸಿ ಹೆಣೆದು ಉದ್ದ ಮಾಡಿಕೊಳ್ಳುವುದು, ತುರುಬು ದಪ್ಪ ಮಾಡಿಕೊಳ್ಳುವುದು. ಆದರೆ ಚೌರಿ ಕಟ್ಟಲು ತಲೆಯಲ್ಲಿ ಗೇಣುದ್ದ ಕೂದಲಾದರೂ ಬೇಕು. ಪೂರಾ ಬೋಳಿಗೆ ಬೇಕಾದದ್ದು ನಾಟಕದವರ ಟೋಪನ್ನು. ಮುಂಬಯಿ ಮತ್ತು ಉತ್ತರ ಕರ್ನಾಟಕದಲ್ಲಿ ಈ ಕಸಬು ರಂಗಭೂಮಿಯ ಜೊತೆಗೇ ಬೆಳೆಯಿತು. ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಸಂಗೀತ ನಾಟಕ ಆಡಿಸಿದ ಮೇಲೆ ಗಂಡಸರೇ ಶಕುಂತಲೆಯರಾದರು. 1905ರಲ್ಲಿ ಆ ಕಂಪನಿಗೆ ಸೇರಿದ ಬಾಲಗಂಧರ್ವರ ಕೇಶಾಲಂಕಾರ ನೋಡಿ ಮನೆಯ ಹೆಣ್ಣುಮಕ್ಕಳು ಹೂವು ಮುಡಿಯುವ ಬಗೆ ಕಲಿತರೆಂದು ಹಿರಿಯರು ಹೇಳುತ್ತಿದ್ದರು. ಗಂಡಸಿನ ತಲೆಯ ಮೇಲೆ ಕೂತ ಸುಳ್ಳು ಕೂದಲಿಗೆ ಇಡೀ ಸಭೆ ಮರುಳಾಗುತ್ತಿತ್ತು. ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಸ್ತ್ರೀವೇಷದ ಜಡೆಗೂ ಅದೇ ಮಾನ. ಆದರೆ ರಂಗದ ಟೋಪನ್ನು ಮೂರು ತಾಸಿನದು, ದೂರದಿಂದ ನೋಡುವಂಥದು. ಎಂಟೂ ಮೂವತ್ತೈದರ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ, ಮುಖಕ್ಕೆ ಮುಖ ಹತ್ತಿರವಾಗಿ ನಿಂತಲ್ಲಿ, ಅದು ನಡೆಯುವುದಿಲ್ಲ.

ಹೊರಗಿನ ಲೋಕದಲ್ಲಿ ವಿಗ್ಗು ದೊಡ್ಡ ವ್ಯಾಪಾರವಾದದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿ ಆರೋಗ್ಯವಂತ ಹೆಂಗಸರಿಗೇ ಅದು ಫ್ಯಾಶನ್ ಆಯಿತು. 1965ರಲ್ಲಿ ಆ ಸರಕಾರ ಕಮ್ಯುನಿಸ್ಟ್ ಚೀನದ ಕೂದಲಿನ ಆಮದನ್ನು ನಿಷೇಧಿಸಿತು. ಕೂದಲಿಗೂ ರಾಜಕೀಯ ಪಕ್ಷವಿರುತ್ತದೆಂದು ಆಗ ಜಗತ್ತಿಗೆ ತಿಳಿಯಿತು! ವ್ಯಾಪಾರಿಗಳ ಕಣ್ಣು ಭಾರತದ ಕಡೆ ತಿರುಗಿತು. ನಮ್ಮ ಕೇಂದ್ರ ಸರಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ ಕೂಡ ಮದ್ರಾಸಿನಲ್ಲಿ ರಫ್ತಿಗಾಗಿ ವಿಗ್ಗು ಮಾಡುವ ಕಾರಖಾನೆ ಹಾಕಿತು. ಇದೇ ಕಾಲದಲ್ಲಿ ಜಪಾನಿನ ಕನೆಕಲಾನ್ ಎಂಬ ಕೃತಕ ನೂಲು ಅಗ್ಗದ ವಿಗ್ಗುಗಳಿಗೆ ದಾರಿ ಮಾಡಿತು.

ನಮ್ಮ ಕೂದಲಿಗೆ ಇಷ್ಟು ಬೇಡಿಕೆ ಏಕೆ? ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಕೊಟ್ಟ ಮುಡಿ ಒಂದೇ ಸಲ ಬುಡದಿಂದ ತೆಗೆದದ್ದು. ಎಲ್ಲ ಎಳೆಗಳ ಬುಡ ಒಂದು ಕಡೆ, ತುದಿ ಒಂದು ಕಡೆ. ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರಗಳು ಬುಡದಿಂದ ತುದಿಯ ಕಡೆಗೆ ಮುಖಮಾಡಿ ಇರುತ್ತವೆ. ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ವಿಗ್ಗು ನಯವಾಗಿ ಬಾಚಲು ಬರುತ್ತದೆ. ಅಡ್ಡಾದಿಡ್ಡಿಯಾದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಂಟು ಬೀಳುತ್ತದೆ. ಅದಕ್ಕೇ ದೇವಸ್ಥಾನದ ಕೂದಲಿಗೆ ಬೆಲೆ. 2011ರಿಂದ ತಿರುಪತಿಯ ದೇವಸ್ಥಾನವು ಅದನ್ನು ಆನ್‌ಲೈನ್ ಹರಾಜಿನಲ್ಲಿ ಮಾರುತ್ತ ಬಂದು ಕೋಟ್ಯಂತರ ರೂಪಾಯಿ ಪಡೆದಿದೆ. 2004ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮದುವೆಯಾದ ಯಹೂದಿ ಹೆಂಗಸರಲ್ಲಿ ಸಂಪ್ರದಾಯಸ್ಥರು ತಮ್ಮ ಕೂದಲು ಮುಚ್ಚಲು ವಿಗ್ಗು ಧರಿಸುವುದುಂಟು. ಅದರ ಕೂದಲು ಹಿಂದೂ ದೇವಸ್ಥಾನದ್ದೆಂದು ತಿಳಿದು ಜೆರುಸಲೇಮಿನ ರಬ್ಬಿಯೊಬ್ಬರು ನಿಷೇಧ ಹೇಳಿದರು. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳಲ್ಲಿ ಬೆಲೆಬಾಳುವ ವಿಗ್ಗುಗಳನ್ನು ರಾಶಿ ಹಾಕಿ ಸುಟ್ಟರು. ಭಕ್ತರಿಗೆ ತಮ್ಮ ಕೂದಲು ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ, ತೊಟ್ಟವರಿಗೆ ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಮುಡಿಯ ಕೂದಲಿಗಿಂತ ಬೇರೆಯಾದ ಇನ್ನೊಂದು ಕೂದಲಿದೆ, ಅದು ಕನ್ನಡನಾಡಿನದೇ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ ನೇಕಾರರ ಊರು. ಅಲ್ಲಿಯ ಸಾವಿರಾರು ಜನರಿಗೆ, ಮುಖ್ಯವಾಗಿ ಹೆಂಗಸರಿಗೆ, ಇಂದು ಕೂದಲೇ ಉದ್ಯೋಗ. ತಲೆ ಬಾಚಿದಾಗ ಬಂದ ಕೂದಲನ್ನು ಸುರುಳಿ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸುವ ನಮ್ಮ ತಾಯಂದಿರ ಪದ್ಧತಿ ಓದುಗರಿಗೆ ನೆನಪಿರಬೇಕು. ಬುಟ್ಟಿ ಹೊತ್ತು ಬಂದವರು ಆ ಉಂಡೆಗಳನ್ನು ಒಯ್ದು ಪಿನ್ನು, ಟಿಕಳಿ, ಸಣ್ಣ ಪಾತ್ರೆ ಕೊಡುತ್ತಿದ್ದರು. ಪಿನ್ನಿಗೆ ಕೊಟ್ಟ ಆ ಉಂಡೆ ಭಾಗ್ಯನಗರದಂಥ ಊರುಗಳಿಗೆ ಬಂದು ಬೀಳುತ್ತದೆ. ಅಲ್ಲಿ ಹೆಂಗಸರು ಕೂತು ಗಂಟು ಬಿಡಿಸಬೇಕು, ಕಸ ತೆಗೆಯಬೇಕು, ತೊಳೆಯಬೇಕು, ಮೊಳೆಗಳ ಹಣಿಗೆಯಲ್ಲಿ ಎಳೆದು ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಬೇಕು. ನೂಲಿನ ಸಿಕ್ಕು ಬಿಡಿಸಿ ಗೊತ್ತಿದ್ದ ಊರಿಗೆ ಕೂದಲಿನ ಸಿಕ್ಕು ಬಿಡಿಸುವುದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ದಿನವಿಡೀ ಧೂಳಿನಲ್ಲಿ ಕಣ್ಣು ಕೀಲಿಸಿ ಮಾಡುವ ಈ ಕೆಲಸಕ್ಕೆ ಸಿಗುವ ಕೂಲಿ ಕಡಿಮೆ, ಸರಕಿಗೆ ಹೊರದೇಶದಲ್ಲಿ ಸಿಗುವ ಬೆಲೆ ಹೆಚ್ಚು. ಕಚ್ಚಾ ಕೂದಲು ಕಳ್ಳದಾರಿಯಿಂದ ಬರ್ಮಾ, ಚೀನಗಳಿಗೆ ಹೋಗಿ ಇಲ್ಲಿಯ ಕೈಗಳಿಗೆ ಕೆಲಸ ತಪ್ಪುತ್ತಿದೆಯೆಂಬ ದೂರು ಬಹಳ ದಿನಗಳಿಂದ ಇತ್ತು. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕಚ್ಚಾ ಕೂದಲಿನ ರಫ್ತನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು.

ಹೊರಕ್ಕೆ ಹೋದ ಕಪ್ಪು ಕೂದಲಿಗೆ ಅಲ್ಲಿ ಏನಾಗುತ್ತದೆ ಎಂಬುದನ್ನೂ ತಿಳಿದರೆ ನಮ್ಮ ವಿಷಯಕ್ಕೆ ಉಪಯೋಗವುಂಟು. ಕೊಳ್ಳುವ ನಾಡಿನ ರುಚಿಗೆ ತಕ್ಕಂತೆ ಬಣ್ಣ ತೆಗೆಯುತ್ತಾರೆ, ಕಂದು, ಕೆಂಚು, ಹೊಂಬಣ್ಣ ಹಾಕುತ್ತಾರೆ, ಅಲೆಯಿದ್ದುದನ್ನು ನೆಟ್ಟಗೆ ಮಾಡುತ್ತಾರೆ. ತಯಾರಾದ ವಿಗ್ಗು ಆ ನಾಡಿನ ತಲೆಗೆಂದೇ ಹುಟ್ಟಿರುತ್ತದೆ. ಅಮೆರಿಕ, ಇಂಗ್ಲೆಂಡುಗಳ ಆಫ್ರಿಕ ಮೂಲದ ಹೆಂಗಸರ ದೂರೂ ಇದೇ: ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿದ ವಿಗ್ಗುಗಳೆಲ್ಲ ನೆಟ್ಟನೆಯ ಕೂದಲಿನವು, ತಮ್ಮ ಬಿಗಿ ಗುಂಗುರು ಕೂದಲಿನ ಹೋಲಿಕೆಯದು ಒಂದೂ ಇಲ್ಲ. ಅವರು ಕೇಳಿ ಕೇಳಿ, ತಾವೇ ಮಾಡಿಸಿಕೊಂಡು, ನಿಧಾನಕ್ಕೆ ತಮ್ಮ ಬಗೆಯದನ್ನು ಪಡೆಯುತ್ತಿದ್ದಾರೆ. ನಮ್ಮ ಹೆಂಗಸರ ಕೂದಲಿನಲ್ಲಿಯೂ ನೂರು ಬಗೆಗಳಿವೆ. ಕರಾವಳಿಯ ಒತ್ತಾದ ಅಲೆಗೂದಲು, ಬಯಲುಸೀಮೆಯ ಗುಂಗುರು, ಐವತ್ತು ದಾಟಿದವರ ಕಪ್ಪು ಬಿಳಿ ಬೆರೆತ ಒರಟು ಕೂದಲು. ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕುವುದು ಒಂದೇ ಬಗೆ, ಇಪ್ಪತ್ತರ ಹುಡುಗಿಯ ಹೊಳೆಯುವ ನೆಟ್ಟನೆಯ ಕಂದುಗೂದಲು.

ಮೇಲೆ ಹೇಳಿದ ಹಿರಿಯಾಕೆಗೆ ನಾವು ಕೊಂಡು ತಂದದ್ದೂ ಅಂಥದೇ ಕೃತಕ ನೂಲಿನ ವಿಗ್ಗು. ಕನ್ನಡಿ ನೋಡಿ, “ಇದು ನನ್ನ ಸೊಸಿ ತಲಿ ಆತಲ್ಲೋ” ಎಂದರು. ಬೈತಲೆ ಇರಬೇಕಾದಲ್ಲಿ ಇಲ್ಲ, ಕುಂಕುಮ ಹಚ್ಚಲು ಜಾಗವಿಲ್ಲ. ಜಡೆ ಹೆಣೆದರೆ ನಿಲ್ಲದು, ಹೂವು ಮುಡಿಯಲು ಪಿನ್ನು ಸಿಕ್ಕಿಸಿದರೆ ಹಿಂದಕ್ಕೆ ಜಾರುತ್ತದೆ. ಮೇ ತಿಂಗಳ ಬೆವರಿಗೆ ಒಳಗೆ ತುರಿಕೆ. ಒಂದು ದಿನ ರೊಟ್ಟಿ ಬೇಯಿಸುವಾಗ ಒಲೆಯ ಝಳಕ್ಕೆ ಮುಂದಿನ ಎಳೆಗಳು ಸುರುಟಿ ಮುದ್ದೆಯಾದವು. ಕೃತಕ ನೂಲು ಬಿಸಿ ತಾಳದು, ಇದನ್ನು ಕೊಳ್ಳುವವರಿಗೆ ಅಂಗಡಿಯಲ್ಲಿಯೇ ಹೇಳಬೇಕು. ಅಂದಿನಿಂದ ಅವರು ಮತ್ತೆ ಸೆರಗಿಗೆ ಮರಳಿದರು, ವಿಗ್ಗು ಟ್ರಂಕಿನ ತಳ ಸೇರಿತು.

ಜೈಪುರದ ಕೃತಕ ಪಾದದ ಕಥೆ ನಮಗೆ ನೆನಪಾಗುವುದು ಇಲ್ಲಿ. ವಿದೇಶಿ ಮಾದರಿಯ ಕಾಲು ಬೂಟಿಗಾಗಿ ಮಾಡಿದ್ದು. ಅದನ್ನು ಹಾಕಿಕೊಂಡು ನಮ್ಮವರು ಚಕ್ಕಳಮಕ್ಕಳ ಹಾಕಿ ಕೂಡಲಾರರು, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಲಾರರು. 1960ರ ದಶಕದ ಕೊನೆಗೆ ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾ. ಪಿ. ಕೆ. ಸೇಠಿಯವರೂ ರಬ್ಬರಿನಲ್ಲಿ ನಮ್ಮ ಕಾಲಿನಂತೆಯೇ ಇರುವ ಪಾದ ಮಾಡಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಾಲಿಗೆ ಕೇಳಿದ ಪ್ರಶ್ನೆಯನ್ನು ತಲೆಗೂ ಕೇಳಬೇಕು ಎಂಬುದು ನಮ್ಮ ವಾದ. ಬೈತಲೆ ತೆಗೆಯಲು ಬರಬೇಕು, ಜಡೆ ನಿಲ್ಲಬೇಕು, ಮಲ್ಲಿಗೆ ಹಿಡಿಯಬೇಕು, ಹತ್ತು ಬೆಳ್ಳಿ ಎಳೆ ಇರಬೇಕು, ಮುಂಬಯಿಯ ಸೆಕೆಯಲ್ಲಿ ತಲೆ ಉಸಿರಾಡಬೇಕು. ಕೈಕಸಬಿನಿಂದ ಇದು ಸಾಧ್ಯ. ತಲೆಯ ಅಳತೆ ತೆಗೆದು, ತೆಳ್ಳನೆಯ ಜಾಲರಿಯ ಮೇಲೆ ಸಣ್ಣ ಕೊಕ್ಕೆಸೂಜಿಯಿಂದ ಒಂದೊಂದು ಎಳೆ, ಎರಡೆರಡು ಎಳೆ ಗಂಟು ಹಾಕುತ್ತ ಹೋಗುವುದು. ಒಂದು ತಲೆಗೆ ವಾರಗಟ್ಟಲೆ ಕೆಲಸ. ಅದಕ್ಕೇ ನಿಜಗೂದಲಿನ ಒಳ್ಳೆಯ ವಿಗ್ಗಿನ ಬೆಲೆ ನಮ್ಮಂಥ ಗುಮಾಸ್ತರ ಒಂದು ತಿಂಗಳ ಸಂಬಳವನ್ನು ಕೇಳುತ್ತದೆ.

ಸಂಬಳದ ಮಾತು ಬಂದದ್ದರಿಂದ ಒಂದು ಕಡತದ ಕಥೆ ಹೇಳಿಬಿಡುತ್ತೇವೆ. ಯಾವ ಕಚೇರಿಯೆಂದು ಕೇಳಬೇಡಿ. ಪರಿಚಯದವರೊಬ್ಬರು ಹೆಂಡತಿಯ ಚಿಕಿತ್ಸೆಯ ಬಿಲ್ಲಿನೊಡನೆ ವಿಗ್ಗಿನ ರಸೀದಿಯನ್ನೂ ಇಟ್ಟರು. ಔಷಧದ ಹಣ ಮಂಜೂರಾಯಿತು. ವಿಗ್ಗಿನ ಎದುರು ಟಿಪ್ಪಣಿ: ಸೌಂದರ್ಯ ಸಾಧನ, ಅರ್ಹವಲ್ಲ. ಇದೇ ಮನುಷ್ಯ ಕೃತಕ ಹಲ್ಲಿನ ರಸೀದಿ ಇಟ್ಟಿದ್ದರೆ ಯಾರೂ ಸೌಂದರ್ಯದ ಪ್ರಶ್ನೆ ಎತ್ತುತ್ತಿರಲಿಲ್ಲವೆಂದು ನಮಗೆ ಅನಿಸಿತು. ಟಿಪ್ಪಣಿ ಬರೆದ ಕೈಯ ಮೇಲೆ ಸಿಟ್ಟಿಲ್ಲ, ಅಂಥ ಟಿಪ್ಪಣಿ ನಾವೂ ದಿನಾ ಬರೆಯುತ್ತೇವೆ. ನಿಯಮದಲ್ಲಿ ಶಬ್ದವಿಲ್ಲದಿದ್ದರೆ ಗುಮಾಸ್ತ ಎಲ್ಲಿಂದ ತಂದಾನು? ಆದರೆ ಇ೦ಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಆಸ್ಪತ್ರೆಯ ಮೂಲಕವೇ ವಿಗ್ಗು ಪಡೆಯಬಹುದು, ಎಲ್ಲರಿಗೂ ಪುಕ್ಕಟೆಯಲ್ಲವಾದರೂ. ಅಮೆರಿಕದಲ್ಲಿ ವಿಮೆಯವರಿಗೆ ಬರೆಯುವಾಗ ವಿಗ್ಗು ಎನ್ನದೆ ತಲೆಯ ಕೃತಕಾಂಗ ಎಂಬರ್ಥದ ಹೆಸರು ಬರೆಯುತ್ತಾರೆ. ಹೆಸರು ಬದಲಾದರೆ ಕಡತ ಮುಂದೆ ಹೋಗುತ್ತದೆಂಬುದು ಎಲ್ಲ ದೇಶಗಳಲ್ಲೂ ಒಂದೇ.

ಸರಕಾರ ಮಾಡದ್ದನ್ನು ಮುಂಬಯಿಯಲ್ಲಿ ಸ್ವಯಂಸೇವಕರು ಒಂದಿಷ್ಟು ಮಾಡಿದರು. 1951ರಲ್ಲಿ ಡಾ. ಜಸ್ಸಾವಾಲಾ ಮತ್ತು ನವಲ್ ಟಾಟಾ ಇಂಡಿಯನ್ ಕ್ಯಾನ್ಸರ್ ಸೊಸೈಟಿಯನ್ನು ಕಟ್ಟಿದರು. 1969ರಲ್ಲಿ ಕ್ಯಾನ್ಸರ್ ಪೇಶೆಂಟ್ಸ್ ಏಡ್ ಅಸೋಸಿಯೇಶನ್ ಬಂತು. ರೋಗಿಗೆ ಔಷಧದ ಆಚೆಗೂ ಒಂದು ಬದುಕಿದೆಯೆಂಬ ವಿಚಾರ ಇವುಗಳಿಂದ ಬೆಳೆಯಿತು. 1994ರಲ್ಲಿ ಕ್ಯಾನ್ಸರಿನಿಂದ ಗುಣವಾದ ವಂದನಾ ಗುಪ್ತಾ ವಿ ಕೇರ್ ಸಂಸ್ಥೆಯನ್ನು ಹುಟ್ಟುಹಾಕಿ, ಗುಣವಾದವರೇ ಹೊಸ ರೋಗಿಗಳ ಜೊತೆ ಕೂತು ಮಾತಾಡುವ ಪದ್ಧತಿ ನಡೆಸಿದರು. ಕೂದಲು ಹೋಗಿ ಬಂದ ತಲೆಯನ್ನು ಕಣ್ಣಾರೆ ತೋರಿಸುವುದಕ್ಕಿಂತ ದೊಡ್ಡ ಸಮಾಧಾನ ಯಾವುದಿದೆ? ಈಚಿನ ವರ್ಷಗಳಲ್ಲಿ ಕೋಪ್ ವಿತ್ ಕ್ಯಾನ್ಸರ್ ಎಂಬ ಮುಂಬಯಿಯ ಸಂಸ್ಥೆ ಜನರಿಂದ ಕೂದಲು ದಾನ ಪಡೆದು, ವಿಗ್ಗು ಮಾಡಿಸಿ, ಬಡ ರೋಗಿಗಳಿಗೆ ಉಚಿತವಾಗಿ ಕೊಡುತ್ತ ಬಂದಿದೆ. 2019ರಲ್ಲಿ ಕೇರಳದ ತ್ರಿಶೂರಿನ ಪೊಲೀಸ್ ಅಧಿಕಾರಿಣಿ ಅಪರ್ಣಾ ಲವಕುಮಾರ್ ಇದೇ ಉದ್ದೇಶಕ್ಕೆ ತಲೆಯನ್ನೇ ಬೋಳಿಸಿಕೊಂಡರು. ಬೋಳುತಲೆಯ ಎರಡು ಹಳೆಯ ಅರ್ಥಗಳ ಪಕ್ಕಕ್ಕೆ ಮೂರನೆಯದೊಂದು ಬಂದು ನಿಂತಿತು.

ಇದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಚಿತ್ರನಟಿ ಸೋನಾಲಿ ಬೇಂದ್ರೆ ಕೂದಲಿಲ್ಲದ ತಮ್ಮ ಚಿತ್ರಗಳನ್ನು ತಾವೇ ಪ್ರಕಟಿಸಿದ್ದರು. ಆಮೇಲೆ ವಿಗ್ಗು ಧರಿಸಿದಾಗ ಅದು ವಿಗ್ಗೆಂದೂ ಹೇಳಿದರು. ನಮ್ಮ ಕಾಲೊನಿಯ ಹೆಂಗಸರಲ್ಲಿ ಆ ಚಿತ್ರಗಳು ಮಾಡಿದ ಕೆಲಸವನ್ನು ಯಾವ ಭಾಷಣವೂ ಮಾಡಿರಲಿಲ್ಲ. ಪರೇಲಿಗೆ ಹೋಗುವ ಹುಡುಗಿಯೊಬ್ಬಳು ಈಗ ಬಣ್ಣದ ಸ್ಕಾರ್ಫು ಕಟ್ಟಿಕೊಂಡು ಸ್ಟೇಶನ್ನಿಗೆ ನಡೆಯುತ್ತಾಳೆ, ಯಾರಾದರೂ ಕೇಳಿದರೆ ಕೀಮೋ ಎನ್ನುತ್ತಾಳೆ. ಆದರೆ ಹಳ್ಳಿಯಿಂದ ಬಂದ ಐವತ್ತೈದರ ಅತ್ತಿಗೆಗೆ ನಟಿಯ ಧೈರ್ಯ ಸಾಲುವುದಿಲ್ಲ. ಆಕೆ ಮರಳಿ ಹೋಗಬೇಕಾದದ್ದು ತನ್ನ ಓಣಿಗೆ, ನಾಳೆ ಮಗಳ ಸೀಮಂತದಲ್ಲಿ ನಾಲ್ಕು ಜನ ಮುತ್ತೈದೆಯರ ಸಾಲಿನಲ್ಲಿ ಕೂಡುವುದಕ್ಕೆ.

ಕೂದಲು ಉದುರದಂತೆಯೇ ತಡೆಯುವ ಪ್ರಯತ್ನವೂ ನಡೆದಿದೆ. ಔಷಧ ಏರಿಸುವಾಗ ತಲೆಗೆ ತಣ್ಣನೆಯ ಟೊಪ್ಪಿಗೆ ತೊಡಿಸಿದರೆ ನೆತ್ತಿಯ ರಕ್ತನಾಳಗಳು ಸಂಕೋಚಗೊಂಡು ಬುಡಕ್ಕೆ ಔಷಧ ಕಡಿಮೆ ತಲುಪುತ್ತದೆ. ಟಾಟಾ ಆಸ್ಪತ್ರೆಯಲ್ಲೇ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2020ರ ಸುಮಾರಿಗೆ ಫಲಿತಾಂಶ ಪ್ರಕಟಿಸಿದರು. ಟೊಪ್ಪಿಗೆ ತೊಟ್ಟವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯ ಕೂದಲು ಉಳಿಯಿತು. ಆದರೆ ಯಂತ್ರ ದುಬಾರಿ, ಪ್ರತಿ ರೋಗಿಗೂ ಕುರ್ಚಿಯಲ್ಲಿ ಹೆಚ್ಚು ಹೊತ್ತು ಬೇಕು. ಪರೇಲಿನ ಸಾಲನ್ನು ಕಂಡವರಿಗೆ ಇದರ ಕಷ್ಟ ತಿಳಿದೀತು. ಹೀಗಾಗಿ ವಿಗ್ಗಿನ ಅಗತ್ಯ ಇನ್ನೂ ಬಹಳ ವರ್ಷ ಇರುವಂಥದು.

ನಮ್ಮ ಮಹಿಳಾ ವಿಭಾಗದ ಸೋದರಿಯರು ಕೂದಲು ದಾನದ ವಿಷಯ ಕೇಳಿದ್ದರಿಂದ ಇಷ್ಟು ಬರೆಯುತ್ತೇವೆ. ಒಂದು ವಿಗ್ಗಿಗೆ ಒಂದು ಜಡೆ ಸಾಲದು, ನಾಲ್ಕಾರು ಜನರ ಕೂದಲು ಬೇಕು. ಸಾಮಾನ್ಯವಾಗಿ 12 ಅಂಗುಲಕ್ಕೆ ಕಡಿಮೆಯಿಲ್ಲದ ಉದ್ದ ಕೇಳುತ್ತಾರೆ, ಆಯಾ ಸಂಸ್ಥೆಯ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ತಲೆ ತೊಳೆದು, ಎಣ್ಣೆ ಹಚ್ಚದೆ, ಪೂರ್ತಿ ಒಣಗಿಸಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ, ಬ್ಯಾಂಡಿಗಿಂತ ಮೇಲೆ ಕತ್ತರಿಸಬೇಕು; ನೆಲದ ಮೇಲೆ ಬಿದ್ದು ಬುಡ ತುದಿ ಕಲೆತ ಕೂದಲು ಕೆಲಸಕ್ಕೆ ಬಾರದು. ಗುಂಗುರು ಕೂದಲಿನವರು ತಮ್ಮದು ಬೇಡವಾದೀತೆಂದು ಹಿಂಜರಿಯಬಾರದು. ಬಂದ ಜಡೆಗಳಲ್ಲಿ ಬಹುಪಾಲು ಎಳೆಯ ಹುಡುಗಿಯರವು, ಕಪ್ಪು, ನೆಟ್ಟಗಿನವು. ನರೆ ಬೆರೆತ ಕೂದಲು ತೆಗೆದುಕೊಳ್ಳುತ್ತೀರಾ ಎಂದು ಸಂಸ್ಥೆಯವರನ್ನು ಕೇಳಿ ನೋಡಿ. ರೋಣದ ಅತ್ತೆಯವರಿಗೆ ಬೇಕಾಗಿದ್ದದ್ದು ಅಂಥದು.